ಮಲಗಿದ ತ್ರಿಭುಜ

ಮೊದಲು ಮುಂದಿನ ಬೆಂಚಿನ ಹುಡುಗಿಯ ತಲೆ ಎಡಕ್ಕೆ ವಾಲಿತು. ಅವಳನ್ನು ನೋಡಿ ಪಕ್ಕದವಳದ್ದು. ಆಮೇಲೆ ಯಾರೋ ಕೋಣೆಯನ್ನೇ ಒಂದು ಬದಿಯಿಂದ ಎತ್ತಿ ಹಿಡಿದ ಹಾಗೆ ಹತ್ತನೇ ಕ್ಲಾಸಿನ ಅಷ್ಟೂ ತಲೆಗಳು ವಾಲಿದವು. ಎರಡು ಜಡೆಗಳಲ್ಲಿ ಒಂದು ಭುಜದ ಮೇಲೆ, ಇನ್ನೊಂದು ಗಾಳಿಯಲ್ಲಿ.

"ಮಿಸ್, ತ್ರಿಭುಜ ಬಿದ್ದೋಗಿದೆ."

"ಬಿದ್ದಿಲ್ಲ, ಮಲಗಿದೆ," ಅಂದಳು ಹೊಸ ಟೀಚರು, ಕೈಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿ ಕೊಡವುತ್ತ. "ಮಲಗಿದ ಮಾತ್ರಕ್ಕೆ ಬೇರೆ ಆಗಿಬಿಡುತ್ತಾ? ಎರಡು ಬಾಹು ಸಮ ಇವೆ. ಪಾದಕೋನಗಳೂ ಸಮ ಅಂತ ಯಾರು ಬಂದು ಸಾಧಿಸ್ತೀರಿ?"

ಕ್ಲಾಸ್ ಲೀಡರು ಠೀವಿಯಿಂದ ಎದ್ದು ಬಂದಳು. ಬೋರ್ಡಿನ ಮೇಲಿನ ಗೋಡೆಯಲ್ಲಿ ಶಿಲುಬೆ, ಶಿಲುಬೆಯ ಕೆಳಗೆ ಚೂಪು ತುದಿ ಎಡಕ್ಕೆ ಮಾಡಿ ಮಲಗಿದ ತ್ರಿಭುಜ. ಅದರ ಪಾದ ಬಲಗಡೆ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಲೀಡರು ಕಣ್ಣು ಅರ್ಧ ಮುಚ್ಚಿ ರಾಗ ಎತ್ತಿದಳು. ಇಡೀ ಕ್ಲಾಸು ದನಿಗೂಡಿಸಿತು.

"ಮೇಲಿಂದ ಕೆಳಗೆ ಗೆರೆ ಇಳಿಸು, ಒಂದನು ಎರಡಾಗಿ ನಿಲಿಸು, ಎಡವೂ ಬಲವೂ ಸಮವೆಂದು ತಿಳಿಸು..."

ರಾಗದ ಜೊತೆ ಅವಳ ಕೈಯೂ ಮೇಲಿಂದ ಕೆಳಗೆ ಇಳಿಯಿತು. ಆಗಲೇ ಇದ್ದ ಪಾದದ ಗೆರೆಯ ಮೇಲೇ ಇನ್ನೊಂದು ಗೆರೆ ಬಿತ್ತು. ಒಂದು ಎರಡಾಗಲಿಲ್ಲ, ದಪ್ಪ ಆಯಿತು.

"ಇಳಿಸಿದೆ ಮಿಸ್," ಅಂದಳು ಲೀಡರು. ಆಮೇಲೆ ಬೋರ್ಡು ನೋಡಿ ಸೀಮೆಸುಣ್ಣ ಕೆಳಗಿಟ್ಟಳು.

ರಾಗ ಕಟ್ಟಿದ್ದು ಲೆಕ್ಕದ ಸಿಸ್ಟರು. ಈ ಶಾಲೆಯಲ್ಲಿ ಹುಡುಗಿಯರಿಗೆ, ಆಮೇಲೆ ಆ ಹುಡುಗಿಯರ ಮಕ್ಕಳಿಗೆ ಗಣಿತ ಕಲಿಸಿ, ಈಗ ವಯಸ್ಸಾದ ಸಿಸ್ಟರುಗಳ ಮನೆಗೆ ಹೋಗಿಬಿಟ್ಟಿದ್ದರು. ಪ್ರತಿ ಪ್ರಮೇಯಕ್ಕೂ ಒಂದು ರಾಗ, ಬೆಳಗಿನ ಪ್ರಾರ್ಥನೆಯದೇ ಧಾಟಿ. ಕೊನೆಗೆ "ಸಾಧಿಸಿದೆ" ಅಂದ ಮೇಲೆ ಹಿಂದಿನಿಂದ ಯಾರಾದರೂ "ಆಮೆನ್" ಅಂದುಬಿಟ್ಟಾರು ಅನ್ನಿಸುವಷ್ಟು ಭಕ್ತಿ. ಫಲಿತಾಂಶವೂ ಹಾಗೇ ಇತ್ತು, ಫೇಲಾದವರೇ ಇರಲಿಲ್ಲ.

ಅವರ ಜಾಗಕ್ಕೆ ಇಬ್ಬರು ಬಂದಿದ್ದರು. ಪಕ್ಕದ ಸೆಕ್ಷನ್ನಿನಾಕೆ ಬೇರೆ ಶಾಲೆಗಳಲ್ಲಿ ಪಳಗಿದ ಕೈ. ದನಿ ಎಷ್ಟು ಜೋರೆಂದರೆ ಹುಡುಗಿಯರು ಮೊದಲ ದಿನವೇ ಗಟ್ಟಿ ಮಿಸ್ ಅಂತ ಹೆಸರಿಟ್ಟರು. ತ್ರಿಭುಜ ಮಲಗಿಸಿದ ಇವಳಿಗೆ ಆವತ್ತು ಸಂಜೆಯೊಳಗೆ ಓರೆ ಮಿಸ್ ಅನ್ನೋ ಹೆಸರು ಬಿತ್ತು.

"ಹೊಳೆ ಅದರ ಪಾಡಿಗೆ ಹರೀತಿದೆ. ನೀನ್ಯಾಕಮ್ಮಾ ಹೋಗಿ ಅಡ್ಡ ಮಲಗ್ತೀಯ?" ಸ್ಟಾಫ್ ರೂಮಿನಲ್ಲಿ ಗಟ್ಟಿ ಮಿಸ್ ತಮ್ಮ ಮಟ್ಟಿಗೆ ಪಿಸುಗುಟ್ಟಿದರು, ಕಾರಿಡಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಹಾಡಿಸು, ಪಾಸು ಮಾಡಿಸು. ತಿಳ್ಕೊಳ್ಳೋದೆಲ್ಲ ಆಮೇಲೆ ಕಾಲೇಜಿನಲ್ಲಿ ತಿಳ್ಕೋತಾರೆ."

"ನಾನೂ ಹಾಡಿ ಪಾಸಾದೋಳೇ ಅಕ್ಕಾ. ಹಾಡಿದೆ ಅನ್ನೋದೂ ಸುಳ್ಳು. ಬರೀ ತುಟಿ ಆಡಿಸ್ತಿದ್ದೆ, ಒಬ್ಬರೂ ಕಂಡುಹಿಡೀಲಿಲ್ಲ."

"ನೋಡು ಮತ್ತೆ! ಟೀಚರ್ ಆಗ್ಲಿಲ್ವಾ?"



ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡ ಸಿಸ್ಟರ್ ಅಂತ. ಆಳು ಕುಳ್ಳು, ಮಾತು ನೇರ. ಇಬ್ಬರನ್ನೂ ಕರೆಸಿ ಕೂರಿಸಿದರು.

"ಲೆಕ್ಕದ ಸಿಸ್ಟರ್ ಎರಡೂ ಸೆಕ್ಷನ್ ಒಬ್ಬರೇ ನೋಡ್ಕೊಳ್ತಿದ್ರು. ಈಗಲೂ ನಮಗೆ ಬೇಕಿರೋದು ಒಬ್ಬರೇ. ಶುಕ್ರವಾರ ಇಬ್ಬರ ಕ್ಲಾಸಿಗೂ ಬಂದು ಕೂರ್ತೀನಿ. ಇನ್ನೊಬ್ಬರಿಗೆ ಇಲ್ಲಿ ಜಾಗ ಇರೋಲ್ಲ. ಮೊದಲೇ ಹೇಳಿದೀನಿ, ಆಮೇಲೆ ಅಳಬಾರದು." ಬಾಗಿಲ ಹತ್ತಿರ ಇವಳನ್ನು ಮಾತ್ರ ನಿಲ್ಲಿಸಿಕೊಂಡರು. "ಹುಡುಗೀರು ಕತ್ತು ನೋವು ಅಂತಿದಾರಲ್ಲ, ಏನಮ್ಮಾ ಅದು?"

ಮನೆಯೆಂದರೆ ಇವಳ ಒಡಹುಟ್ಟಿದ ಅಕ್ಕನ ಮನೆ. ಇವಳ ಹಾಸಿಗೆ ಹಾಲಿನ ಮೂಲೆಯಲ್ಲಿ, ಸೂಟ್‌ಕೇಸು ಬಾಗಿಲ ಪಕ್ಕದಲ್ಲಿ. ಈ ಹಿಂದಿನ ಎರಡು ಶಾಲೆಗಳವರೂ ಪಾಠ ಬೇಗ ಮುಗಿಸುವುದಿಲ್ಲ ಅಂತ ಇವಳನ್ನು ಬಿಡಿಸಿ ಕಳಿಸಿದ್ದರು.

"ಏನಮ್ಮಾ ನಾದಿನಿ, ಸೂಟ್‌ಕೇಸು ಅಟ್ಟಕ್ಕೆ ಹಾಕ್ಲೋ, ಬಾಗಿಲ ಹತ್ರಾನೇ ಇರ್ಲೋ?" ಅಂದ ಭಾವ, ಬೂಟಿನ ಲೇಸು ಬಿಚ್ಚುತ್ತ.

"ಶುಕ್ರವಾರ ಹೇಳ್ತೀನಿ ಭಾವ."

"ಸುಮ್ನಿರ್ರೀ, ಅವಳಿಗೆ ಮೊದಲೇ ತಲೆ ಕೆಟ್ಟಿದೆ," ಅಂದಳು ಅಕ್ಕ. ಭಾವ ಬಚ್ಚಲಿಗೆ ಹೋದ ಮೇಲೆ ತಂಗಿಯ ಪಕ್ಕ ಬಂದು ಕೂತಳು. "ಈ ಸಲನಾದ್ರೂ ತಳ ಊರಿ ಕೂತ್ಕೊಳ್ಳೇ. ಅವರು ತಮಾಷೆಗೇ ಅನ್ನೋದು. ಆದ್ರೂ ಎಷ್ಟು ದಿನ ಅಂತ ತಮಾಷೆ ಮಾಡ್ತಾರೆ, ಹೇಳು?"

ಹಾಗಾದರೆ ಶುಕ್ರವಾರ ಹಾಡಿಸಿಬಿಡೋಣ ಅಂತ ಬಸ್ಸಿನಲ್ಲಿ ಎಷ್ಟೋ ಸಲ ಅಂದುಕೊಂಡಳು. ಆದರೆ ಹಿಂದಿನ ಬೆಂಚಿನಲ್ಲಿ ಒಬ್ಬಳಿದ್ದಳು. ಕ್ಲಾಸಿನವರು ಗುಮ್ಮನಗುಸುಕಿ ಅಂತ ರೇಗಿಸಿ ರೇಗಿಸಿ ಕೊನೆಗೆ ಗುಮ್ಮಿ ಅಂತಲೇ ಕರೆಯುತ್ತಿದ್ದ ಹುಡುಗಿ. ಆವತ್ತು ಎಲ್ಲರ ತಲೆ ವಾಲಿದಾಗ ನೆಟ್ಟಗೆ ಕೂತಿದ್ದವಳು ಅವಳೊಬ್ಬಳೇ. ರಾಗದ ಹೊತ್ತಿನಲ್ಲಿ ಅವಳ ತುಟಿ ಆಡುತ್ತಿತ್ತು, ಗಂಟಲು ಆಡುತ್ತಿರಲಿಲ್ಲ. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಇವಳಿಗೆ ಗೊತ್ತಾಗದೆ ಇರುತ್ತದೆಯೇ?

ಶುಕ್ರವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದು ಹಿಂದಿನ ಬೆಂಚಿನಲ್ಲಿ, ಗುಮ್ಮಿಯ ಪಕ್ಕದಲ್ಲೇ ಕೂತರು. ಟೀಚರು ಸೀಮೆಸುಣ್ಣ ಎತ್ತಿಕೊಂಡಳು. ನಿಂತ ತ್ರಿಭುಜ ಬರೆಯಬೇಕೆಂದೇ ಕೈ ಎತ್ತಿದ್ದು. ಕೈ ಮಲಗಿದ್ದನ್ನೇ ಬರೆಯಿತು.

ತಲೆಗಳು ವಾಲಿದವು. ದೊಡ್ಡ ಸಿಸ್ಟರ ಬಿಳಿ ಮುಸುಕೂ ಎಡಕ್ಕೆ ಒಂದಿಷ್ಟು ವಾಲಿ, ತಟ್ಟನೆ ನೆಟ್ಟಗಾಯಿತು.

"ಯಾರು ಬರ್ತೀರಿ?"

ಲೀಡರು ಉಗುರು ನೋಡಿಕೊಂಡಳು. ಬೆಂಚು ಕಿರ್ ಅಂದಿತು. ಸಿಸ್ಟರ ಮೊಣಕಾಲು ದಾಟಿಕೊಂಡು ಗುಮ್ಮಿ ಹೊರಗೆ ಬರುತ್ತಿದ್ದಳು. "ಅಯ್ಯೋ, ಗುಮ್ಮಿ ಕಣೇ!" ಅಂತ ಯಾರೋ ಕಿಸಕ್ಕೆಂದರು.

ಗುಮ್ಮಿ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಎಡಗಡೆಯ ಚೂಪು ತುದಿಯಿಂದ ಬಲಗಡೆಯ ಪಾದದ ನಟ್ಟನಡುವಿಗೆ ಅಡ್ಡಡ್ಡ ಒಂದು ಗೆರೆ ಎಳೆದಳು. ಮೇಲೆ ಒಂದು ತ್ರಿಭುಜ, ಕೆಳಗೊಂದು. ಟೀಚರು ಒಂದು ಹೆಜ್ಜೆ ಮುಂದೆ ಬಂದಳು. ಎರಡೂ ಒಂದೇ ಅಂತ ತೋರಿಸಿದರೆ ಮುಗಿಯಿತು. ಬಾಹು, ಬಾಹು, ನಡುವಿನ ಗೆರೆ. ಇನ್ನೇನು, ಇನ್ನೇನು ಹೇಳಿಬಿಡುತ್ತಾಳೆ.

ಗುಮ್ಮಿ ಹೇಳಲಿಲ್ಲ. ಮೇಲಿನ ತ್ರಿಭುಜದ ಮೇಲೆ ಬೆರಳಿಟ್ಟಳು, ಕೆಳಗಿನದರ ಮೇಲಿಟ್ಟಳು, ಮತ್ತೆ ಮೇಲಿನದಕ್ಕೆ ಬಂದಳು.

ಗೋಡೆಯ ಆಚೆ ಗಟ್ಟಿ ಮಿಸ್‌ನ ಕ್ಲಾಸು ಶುರುವಾಯಿತು. "ಮೇಲಿಂದ ಕೆಳಗೆ ಗೆರೆ ಇಳಿಸು..." ಒಂದೇ ಕಂಠ, ಒಂದೇ ತಾಳ, ಕಿಟಕಿಯ ಗಾಜು ನಡುಗುತ್ತಿತ್ತು. ಈ ಕಡೆಯ ಹುಡುಗಿಯರ ತುಟಿಗಳೂ ತಮಗೆ ಗೊತ್ತಿಲ್ಲದೆ ಆಡತೊಡಗಿದವು. "ಸಾಧಿಸಿದೆ!" ಅಂತ ಆಚೆ ಮುಗಿಯಿತು. ಈಚೆ ಗುಮ್ಮಿಯ ಬೆರಳು ಇನ್ನೂ ಮೇಲಿನ ತ್ರಿಭುಜದಲ್ಲೇ ಇತ್ತು. ದೊಡ್ಡ ಸಿಸ್ಟರ್ ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲ ಪಕ್ಕದ ಸೂಟ್‌ಕೇಸು ಟೀಚರ ಕಣ್ಣ ಮುಂದೆ ಬಂತು. ಡಸ್ಟರು ಕೈಗೆ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಗುಮ್ಮಿಯ ಪಕ್ಕಕ್ಕೆ ಹೋಗಿ, ಹಿಂದಿನ ಬೆಂಚಿಗೆ ಕೇಳದ ಹಾಗೆ ದನಿ ಇಳಿಸಿದಳು.

"ಬಿಡಮ್ಮಾ, ಇದು ಕಷ್ಟ. ಅಳಿಸಿಬಿಟ್ಟು ನಿಲ್ಲಿಸಿ ಬರೆದುಕೊಡ್ತೀನಿ. ನಿಮಗೆಲ್ಲ ಬರೋ ಥರಾನೇ. ಎಲ್ಲರೂ ಸೇರಿ ಹೇಳಿಬಿಡೋಣ, ಆಯ್ತಾ?"

ಗುಮ್ಮಿ ತಿರುಗಿಯೂ ನೋಡಲಿಲ್ಲ. ಬೆರಳನ್ನೂ ತೆಗೆಯಲಿಲ್ಲ.

"ಬೇಡ ಮಿಸ್," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಮಲಗಿರ್ಲಿ."