ಗಾಳಿಗೆ ಮುಖ ಕೊಟ್ಟ ದೋಣಿ

ಅಕ್ಕನನ್ನು ಮದುವೆಯಾದವನಿಗೆ ಬಂದರಿನಲ್ಲಿ ನಿಧಾನ ಅಂತ ಹೆಸರು, ತಂಗಿಯನ್ನು ಮದುವೆಯಾದವನಿಗೆ ಪಟಾಕಿ ಅಂತ. ಎರಡೂ ಅಡ್ಡಹೆಸರೇ, ಆದರೆ ಮನೆಯವರೂ ಹಾಗೇ ಕರೆಯುತ್ತಿದ್ದರು. ಷಡ್ಡಕರಿಬ್ಬರಿಗೂ ಸೇರಿ ಒಂದೇ ದೋಣಿ, ಒಂದೇ ಮನೆ. ಕೆಳಗೆ ಅಕ್ಕನ ಸಂಸಾರ, ಮೇಲೆ ತಂಗಿಯದು. ಸಂಜೆ ಹೊತ್ತು ನಡುವಿನ ಮೆಟ್ಟಿಲ ಮೇಲೆ ಅಕ್ಕತಂಗಿಯರು ಕೂತು ತರಕಾರಿ ಹೆಚ್ಚುತ್ತಾ ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು.

ನಿಧಾನ ಒಂದು ಗಂಟು ಹಾಕಿದರೆ ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕುವ ಆಸಾಮಿ. ಪಟಾಕಿ ಬಾಯಿ ತೆರೆದರೆ ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಳ್ಳಬೇಕು. ಎಣ್ಣೆ ಸೀಗೆಕಾಯಿ ಆಗಬೇಕಾಗಿದ್ದವರು ಹೇಗೋ ಹೊಂದಿಕೊಂಡಿದ್ದರು. ಕಡಲಲ್ಲಿ ನಿಧಾನ ಹೇಳಿದ್ದೇ ಕೊನೆ ಮಾತು, ದಡದಲ್ಲಿ ಪಟಾಕಿಯದು.

ಆ ವರ್ಷ ಇವರದೇ ಅಳತೆಯ ದೋಣಿಯೊಂದು ಇಂಜಿನ್ ಕೆಟ್ಟು, ಅಲೆಗೆ ಅಡ್ಡ ತಿರುಗಿ ಮಗುಚಿಕೊಂಡಿತು. ಅದರಲ್ಲಿದ್ದವರನ್ನು ಬೇರೆಯವರು ಹೇಗೋ ಎತ್ತಿಕೊಂಡರು. ಸುದ್ದಿ ಕೇಳಿದ ದಿನವೇ ತಂಗಿ ಹಠ ಹಿಡಿದಳು.

"ಬಟ್ಟೆ ಲಂಗರು ಅಂತ ಏನೋ ಸಿಗುತ್ತಂತಲ್ಲ, ಅದನ್ನ ತಂದ ಮೇಲೇ ಕಡಲಿಗೆ ಹೋಗಿ. ಅಲ್ಲೀವರೆಗೂ ಇಬ್ಬರೂ ಮನೇಲೇ ಬಿದ್ದಿರಿ."

"ಮನೇಲಿದ್ರೆ ನೀನು ನನ್ನ ಕೈಗೂ ಈಳಿಗೆಮಣೆ ಕೊಡ್ತೀಯಾ. ಅದಕ್ಕಿಂತ ಕಡಲೇ ವಾಸಿ," ಅಂದ ಪಟಾಕಿ. ಆದರೂ ಮರುದಿನ ಬೆಳಿಗ್ಗೆ ಷಡ್ಡಕನ ಹಿಂದೆ ಅಂಗಡಿಗೆ ಹೊರಟ.

ದೋಣಿ ಸಾಮಾನಿನ ಅಂಗಡಿ ಓಣಿಯ ಹಾಗೆ ಉದ್ದಕ್ಕಿತ್ತು. ಎರಡೂ ಕಡೆ ಹಗ್ಗದ ಸುರುಳಿ, ಬಣ್ಣದ ಡಬ್ಬ, ಬಲೆಗೆ ಕಟ್ಟುವ ಬೆಂಡು. ಅಂಗಡಿಯವನು ಅಟ್ಟದಿಂದ ಒಂದು ಗಂಟು ಇಳಿಸಿ ಬಿಚ್ಚಿದ. ಇದು ನೆಲ ಕಚ್ಚುವ ಕಬ್ಬಿಣದ ಲಂಗರಲ್ಲ. ದಪ್ಪ ಬಟ್ಟೆಯಲ್ಲಿ ಹೊಲಿದ ದೊಡ್ಡ ಆಲಿಕೆ, ಎರಡು ತುದಿಗೂ ಬಾಯಿ. ಅಗಲ ಬಾಯಿಯ ಕಡೆಯಿಂದ ಉದ್ದನೆಯ ಹಗ್ಗ ಕಟ್ಟಿ, ದೋಣಿಯ ಮೂತಿಯಿಂದ ನೀರಿಗೆ ಬಿಡಬೇಕು. ಒಳಗೆ ನೀರು ತುಂಬಿ ಅದು ಭಾರವಾಗಿ ನಿಂತುಬಿಡುತ್ತದೆ. ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಿದಷ್ಟೂ ಇದು ಮೂತಿಯನ್ನು ಹಿಡಿದು ಎಳೆಯುತ್ತದೆ. ದೋಣಿ ಅಡ್ಡ ತಿರುಗದೆ ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ. ಲಂಗರು ತಳಕ್ಕೆ ಎಟುಕದ ಆಳದಲ್ಲಿ ಇಂಜಿನ್ ಸತ್ತರೆ ಬೇರೆ ದಾರಿ ಇಲ್ಲ.

ಪಟಾಕಿ ಅದನ್ನೆತ್ತಿ ಸೊಂಟಕ್ಕೆ ಹಿಡಿದು ಒಂದು ಸುತ್ತು ತಿರುಗಿದ. "ಲಂಗರು ಕೇಳಿದ್ರೆ ಲಂಗ ಕೊಡ್ತಿದ್ದೀರಲ್ಲ ಸ್ವಾಮಿ! ಇದಕ್ಕೆ ಹೊಂದೋ ರವಿಕೆ ಇದೆಯಾ?"

ಅಂಗಡಿಯವನು ನಕ್ಕ. ನಿಧಾನ ನಗಲಿಲ್ಲ, ಹೊಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದ.

"ಇದು ಚಿಕ್ಕದಾಯ್ತು. ಜೋರು ಗಾಳಿಗೆ ಸೋಲುತ್ತೆ, ಮೂತಿ ನಿಲ್ಲಲ್ಲ."

"ಹಾಗಾದ್ರೆ ಎಲ್ಲಕ್ಕಿಂತ ದೊಡ್ಡದೇ ತಗೊಂಡುಬಿಡಿ," ಅಂದ ಅಂಗಡಿಯವನು.

"ಅಷ್ಟು ದೊಡ್ಡದಾದ್ರೆ ಹಗ್ಗ ಕಟ್ಟಿದ ಗೂಟಾನೇ ಕಿತ್ಕೊಂಡು ಹೋಗುತ್ತೆ. ನಡುವಿನದು ಇದ್ರೆ ತೋರಿಸಿ."

ನಡುವಿನದು ಸಿಗುವಷ್ಟರಲ್ಲಿ ಅಟ್ಟವೆಲ್ಲ ಕೆಳಗಿಳಿದಿತ್ತು. ಸ್ವಲ್ಪ ಹಿಗ್ಗುವಂಥ ನೈಲಾನ್ ಹಗ್ಗವನ್ನೂ ಆರಿಸಿ, ಮೂತಿಯ ಗೂಟದಡಿ ಹಲಗೆ ಕೊಟ್ಟು ಹೊಸ ಬೋಲ್ಟು ಬಿಗಿಸಿ, ಒಂದು ಶಾಂತ ದಿನ ಪರೀಕ್ಷೆಗೆ ಹೊರಟರು. ಬಟ್ಟೆ ನೀರಲ್ಲಿ ಅರಳಿಕೊಂಡಿತು, ಹಗ್ಗ ಬಿಗಿಯಿತು, ದೋಣಿಯ ಮೂತಿ ಮೆಲ್ಲಗೆ ಗಾಳಿಯ ಕಡೆ ತಿರುಗಿತು. "ಹೇಳಿದ ಮಾತು ಕೇಳೋದು ನಮ್ಮ ಮನೇಲಿ ಇದೊಂದೇ," ಅಂದ ಪಟಾಕಿ. ನಿಧಾನನ ಕಣ್ಣು ಮಾತ್ರ ಹಗ್ಗ ದೋಣಿಯ ಅಂಚಿಗೆ ಉಜ್ಜುವ ಜಾಗದ ಮೇಲೇ ಇತ್ತು. "ಇಲ್ಲಿ ಸವೆಯುತ್ತೆ. ದಪ್ಪ ಬಟ್ಟೆ ಸುತ್ತಬೇಕು. ಆಗಾಗ ನೋಡ್ತಾ ಇರಬೇಕು."

ಗಾಳಿ ಬಂದದ್ದು ಇದಾಗಿ ಕೆಲವು ವಾರಗಳ ಮೇಲೆ, ಒಂದು ದಿನ ಮಧ್ಯಾಹ್ನದ ಊಟ ಮುಗಿಸಿ ಬಲೆ ಎಳೆಯುವಾಗ. ಬೆಳಿಗ್ಗೆ ರೇಡಿಯೋದಲ್ಲಿ ಅದರ ಸುಳಿವೇ ಇರಲಿಲ್ಲ. ಅರ್ಧ ಬಲೆ ಕತ್ತರಿಸಿಬಿಟ್ಟು ದಡದ ಕಡೆ ತಿರುಗಿದರು. ದೋಣಿ ಕುಲುಕಿದ ರಭಸಕ್ಕೆ ಟ್ಯಾಂಕಿನ ತಳದ ಕೊಳೆಯೆಲ್ಲ ಎದ್ದು ಪೈಪಿಗೆ ಕೂತಿರಬೇಕು. ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ನಿಂತೇಬಿಟ್ಟಿತು. ನಿಧಾನ ಅವಸರ ಮಾಡಲಿಲ್ಲ. ಇಬ್ಬರೂ ಸೇರಿ ಬಟ್ಟೆ ಲಂಗರನ್ನು ನೀರಿಗಿಳಿಸಿ, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಅದು ಹಿಡಿಯಿತು. ಅಡ್ಡಡ್ಡ ಹೊಯ್ದಾಡುತ್ತಿದ್ದ ದೋಣಿ ತಿರುಗಿ ಅಲೆಗಳಿಗೆ ಮುಖ ಕೊಟ್ಟಿತು. ಒಂದೊಂದು ಅಲೆ ಬಂದಾಗಲೂ ಮೂತಿ ಎತ್ತಿ, ಹತ್ತಿ, ಇಳಿಯಿತು.

"ಬದುಕಿದೆವು," ಅಂದ ಪಟಾಕಿ. "ಮನೆಗೆ ಹೋಗಿ ಅವಳ ಕಾಲಿಗೆ ಬೀಳ್ಬೇಕು. ಜೀವನಪೂರ್ತಿ ಇದನ್ನೇ ಹೇಳಿ ಹೇಳಿ ಸಾಯಿಸ್ತಾಳೆ."

ನಿಧಾನ ಇಂಜಿನ್ ಪೈಪು ಬಿಚ್ಚತೊಡಗಿದ. ಪಟಾಕಿ ಹಗ್ಗ ನೋಡಲು ಮೂತಿಗೆ ಹೋದ. ಸುತ್ತಿದ್ದ ಬಟ್ಟೆ ಜರುಗಿತ್ತು. ಅವನು ಮಂಡಿಯೂರಿ ಅದನ್ನು ಸರಿಮಾಡುವಾಗಲೇ ಉಳಿದವುಗಳಿಗಿಂತ ಎತ್ತರದ ಅಲೆಯೊಂದು ಮೂತಿಯ ಮೇಲೆ ಮುರಿದು ಬಿತ್ತು. ದೋಣಿ ಅದನ್ನೂ ಹತ್ತಿ ಇಳಿಯಿತು. ನಿಧಾನ ಕಣ್ಣೊರೆಸಿಕೊಂಡು ನೋಡಿದರೆ ಮೂತಿ ಖಾಲಿ.

ಕಿತ್ತಳೆ ಬಣ್ಣದ ತೇಲುಜಾಕೆಟ್ಟು ಮುಂದೆ, ಗಾಳಿ ಬರುವ ದಿಕ್ಕಿನಲ್ಲಿ ಕಂಡಿತು. ಬೀಳುವಾಗ ಅಂಚಿಗೆ ಬಡಿದಿರಬೇಕು, ಪಟಾಕಿಯ ಒಂದು ತೋಳು ಆಡುತ್ತಿರಲಿಲ್ಲ. ಇನ್ನೊಂದು ಕೈಯಲ್ಲಿ ಲಂಗರಿನ ಹಗ್ಗವನ್ನು ಹಿಡಿದುಕೊಂಡ. ಮುಂದಿನ ಅಲೆಗೆ ಹಗ್ಗ ನೀರಿನಿಂದ ಮೇಲೆದ್ದು ತಂತಿಯಂತೆ ಬಿಗಿದು ಅವನನ್ನು ಆಚೆ ಎಸೆಯಿತು. ನಿಧಾನ ದೋಣಿಯಲ್ಲಿದ್ದ ತೇಲುವ ಟ್ಯೂಬು ಎಸೆದ, ಗಾಳಿ ಅದನ್ನು ತಿರುಗಿ ಅವನ ಎದೆಗೇ ತಂದು ಹಾಕಿತು. ಹಗ್ಗ ಹಿಡಿದು ದೋಣಿಯನ್ನೇ ಮುಂದಕ್ಕೆ ಎಳೆಯಲು ನೋಡಿದ. ಇಬ್ಬರಿದ್ದಿದ್ದರೆ ಒಂದಿಷ್ಟಾದರೂ ಎಳೆಯಬಹುದಿತ್ತು.

ಚಾಕು ತೆಗೆದ. ಹಗ್ಗ ಕತ್ತರಿಸಿದರೆ? ಇಂಜಿನ್ ಇಲ್ಲದ ದೋಣಿ ಗಾಳಿಗೆ ಸಿಕ್ಕ ತರಗೆಲೆ, ಪಟಾಕಿಯಿಂದ ಇನ್ನೂ ಬೇಗ ದೂರ ಓಡುತ್ತದೆ. ಚಾಕುವನ್ನು ಒರೆಗೆ ಹಾಕಿದ. ದೋಣಿಯಲ್ಲಿ ಉಳಿದಿದ್ದ ಹಗ್ಗಗಳನ್ನೆಲ್ಲ ಒಂದಕ್ಕೊಂದು ಕಟ್ಟಿ, ಒಂದು ತುದಿ ದೋಣಿಗೆ, ಇನ್ನೊಂದು ತನ್ನ ಸೊಂಟಕ್ಕೆ ಬಿಗಿದು ಹಾರಿದ. ಈ ಸಲ ಗಂಟುಗಳನ್ನು ಎಳೆದು ನೋಡಲಿಲ್ಲ. ಈಜಿ ಈಜಿ ಪಟಾಕಿಯ ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಹೋದ. ಅಲ್ಲಿಗೆ ಹಗ್ಗ ಮುಗಿಯಿತು.

ಪಟಾಕಿ ಇವನನ್ನು ನೋಡಿ ಏನೋ ಹೇಳಿದ. ಬಾಯಿ ತೆರೆದದ್ದು, ತುಟಿ ಆಡಿದ್ದು ಕಂಡಿತು. ಗಾಳಿಯಲ್ಲಿ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಮುಂದಿನ ಅಲೆ ನಿಧಾನನನ್ನು ಎತ್ತಿ ದೋಣಿಯ ಕಡೆಗೇ ಒಗೆಯಿತು. ಅವನು ಮತ್ತೆ ದೋಣಿ ಹತ್ತಿ ನಿಂತಾಗ ಎರಡು ಅಲೆಗಳ ಆಚೆ ಕಿತ್ತಳೆ ಬಣ್ಣ ಒಮ್ಮೆ ಕಂಡಿತು. ಆಮೇಲೆ ಕತ್ತಲಾಗುವವರೆಗೂ ಕೂಗಿದ. ಕಾಣಲಿಲ್ಲ.

ಬೆಳಗಾದ ಮೇಲೆ ದೊಡ್ಡ ದೋಣಿಯೊಂದು ಅವನನ್ನು ಕಂಡು ಎಳೆದು ತಂದಿತು. ಬಂದರಿನಲ್ಲಿ ಎಲ್ಲರೂ ದೋಣಿಯ ಸುತ್ತ ಓಡಾಡಿ ನೋಡಿದರು. ಒಂದು ಹಲಗೆಯೂ ಬಿರಿದಿರಲಿಲ್ಲ.

ಹುಡುಕಾಟ ನಡೆಯಿತು, ನಿಂತಿತು. ಹೆಣವೂ ಸಿಗಲಿಲ್ಲ. ತಂಗಿ ಅಳದೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತರೆ ಎದ್ದು ಮೇಲೆ ಹೋಗುತ್ತಿದ್ದಳು. ಕೊನೆಗೊಂದು ದಿನ ನಿಧಾನನನ್ನು ತಡೆದು ನಿಲ್ಲಿಸಿದಳು.

"ಭಾವ, ಚಾಕು ನಿಮ್ಮ ಹತ್ರ ಇತ್ತು ತಾನೇ?"

"ಇತ್ತು."

"ಹಗ್ಗ ಕತ್ತರಿಸಿ ಅವರ ಹತ್ರ ಯಾಕೆ ಹೋಗ್ಲಿಲ್ಲ?"

"ಕತ್ತರಿಸಿದ್ರೆ ದೋಣಿ ಹತ್ರ ಹೋಗ್ತಿರ್ಲಿಲ್ಲ ಕಣಮ್ಮ, ದೂರ ಹೋಗ್ತಿತ್ತು. ಗಾಳಿ ಅವನ ಕಡೆಯಿಂದ..." ಅವನ ಕೈಗಳು ಗಾಳಿಯನ್ನು, ದೋಣಿಯನ್ನು ತೋರಿಸಲು ಎದ್ದವು.

"ನನಗೆ ಪಾಠ ಬೇಡ." ಅವಳ ದನಿ ಏರಲಿಲ್ಲ. "ಕೊನೆಗೆ ಏನಂದ್ರು?"

"ಕೇಳಿಸ್ಲಿಲ್ಲ."

"ಅಷ್ಟು ಹತ್ರ ಹೋಗಿದ್ದೆ ಅಂತೀರಾ. ಕೇಳಿಸ್ಲಿಲ್ಲ ಅಂತೀರಾ. ನನ್ನ ವಿಷಯ ಏನಾದ್ರೂ ಅಂದ್ರಾ? ಬೈದ್ರಾ? ಬೈದಿದ್ರೂ ಪರವಾಗಿಲ್ಲ, ಹೇಳಿ."

ಅವನು ಒಂದು ಸುಳ್ಳು ಹೇಳಬಹುದಿತ್ತು. ಅದಕ್ಕೂ ಪಟಾಕಿಯ ನಾಲಿಗೆ ಬೇಕು, ಇವನಿಗೆ ಒದಗಲಿಲ್ಲ. "ನಿಜವಾಗಿ ಕೇಳಿಸ್ಲಿಲ್ಲ," ಅಂದ. ಅವಳು ತಲೆಯಾಡಿಸಿ ಮೇಲೆ ಹೋದಳು. ವಾರ ಕಳೆಯುವುದರೊಳಗೆ ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ ಹಿಡಿದು, ಅದರ ಹಿಂದಿನ ಒಂಟಿ ಕೋಣೆಗೆ ಸಾಮಾನು ಸಾಗಿಸಿಕೊಂಡಳು. ಅಕ್ಕ ಡಬ್ಬಿಯಲ್ಲಿ ಊಟ ಒಯ್ದು ಬಾಗಿಲು ತಟ್ಟಿದರೆ ಒಳಗಿಂದ "ಆಯ್ತು ನಂದು" ಅನ್ನುತ್ತಿದ್ದಳು. ಅಕ್ಕ ಡಬ್ಬಿ ಸಮೇತ ವಾಪಸು ಬಂದು ಗಂಡನ ಮುಂದೆ ಅದನ್ನು ಕುಕ್ಕಿ ಇಡುತ್ತಿದ್ದಳು. ಅವಳ ಬಾಯಿಂದಲೂ ಒಂದು ದಿನ ಬಂತು: "ಒಂದು ಸಲ ಕತ್ತರಿಸಿ ನೋಡ್ಬಹುದಿತ್ತಲ್ಲ." ಆಮೇಲೆ ಗಂಡಹೆಂಡಿರಲ್ಲೂ ಮಾತು ಕಡಿಮೆಯಾಯಿತು.

ಬಂದರಿನಲ್ಲಿ ಮಾತ್ರ ಅವನಿಗೆ ಗೌರವ ಹೆಚ್ಚಿತು. ಬಟ್ಟೆ ಲಂಗರು ಎಷ್ಟು ಅಗಲದ್ದು ತಗೋಬೇಕಣ್ಣ, ಎಷ್ಟುದ್ದ ಹಗ್ಗ ಬಿಡಬೇಕು, ಅಂತ ಒಬ್ಬರಾದ ಮೇಲೊಬ್ಬರು ಬಂದು ಕೇಳುತ್ತಿದ್ದರು. ಅವನು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಹೇಳಿ ಮನೆಗೆ ಬಂದ ದಿನ ಊಟ ಸೇರುತ್ತಿರಲಿಲ್ಲ.

ತಿಂಗಳುಗಳಾದ ಮೇಲೆ ತಂಗಿ ಕೆಲಸದ ರಬ್ಬರ್ ಬೂಟಿನಲ್ಲೇ ದೋಣಿಯ ಬಳಿ ಬಂದಳು. "ಅಲ್ಲಿಗೆ ಕರ್ಕೊಂಡು ಹೋಗಿ," ಅಂದಳು. ಅವನು ದೋಣಿಯ ಹಗ್ಗ ಬಿಚ್ಚಿದ.

ಕಡಲು ಅಂದು ಸುಮ್ಮನಿತ್ತು. ದಡ ಮರೆಯಾದ ಮೇಲೂ ಬಹಳ ಹೊತ್ತು ಹೋದರು. ಅವನು ದಿಕ್ಸೂಚಿ ನೋಡಿದ, ಸೂರ್ಯನನ್ನು ನೋಡಿದ, ಕೊನೆಗೆ ಇಂಜಿನ್ ನಿಲ್ಲಿಸಿದ.

"ಇಲ್ಲೇನಾ?"

"ಹೂಂ."

ಅವಳು ಬಗ್ಗಿ ನೀರು ನೋಡಿದಳು. ಎಲ್ಲ ಕಡೆಯ ನೀರಿನ ಹಾಗೇ ಇತ್ತು.

"ನಿಜ ಹೇಳಿ ಭಾವ."

"ಗೊತ್ತಿಲ್ಲ," ಅಂದ ಅವನು. "ಅವತ್ತು ಅಷ್ಟು ದೂರ ತೇಲಿದ್ವಿ. ಇಲ್ಲಿರಬಹುದು, ಇನ್ನೂ ಆಚೆ ಇರಬಹುದು."

ಅವಳು ಹಲಗೆಯ ಮೇಲೆ ಕುಳಿತಳು. ದೋಣಿ ತನ್ನ ಪಾಡಿಗೆ ತಿರುಗುತ್ತಾ ತೇಲಿತು. ಒಂದು ಸಲ ಅವಳು ಬಾಯಿ ತೆರೆದಳು, ಅವನು ತಲೆಯೆತ್ತಿದ, ಅವಳು ಮತ್ತೆ ನೀರಿನ ಕಡೆ ತಿರುಗಿದಳು. ಬಿಸಿಲು ಇಳಿದಾಗ ಅವಳೇ ಇಂಜಿನ್ ಕಡೆ ಕೈ ತೋರಿಸಿದಳು.

ಬಂದರಿನಲ್ಲಿ ಇಳಿಸಲು ಅವನು ಕೈ ನೀಡಿದ. ಅವಳು ಕಟ್ಟೆಯ ಕಬ್ಬಿಣದ ಏಣಿ ಹಿಡಿದು ತಾನೇ ಹತ್ತಿ, ಶೆಡ್ಡಿನ ದಾರಿ ಹಿಡಿದಳು.