ಪರಿಹಾರ ಅದ

ವೈಜನಾಥ ಸರ್ ಹೂವಿನ ಹಾರ ಹಿಡಿದು ಶವದ ಕಡೆಗೆ ಬಾಗುತ್ತಿದ್ದಂತೆ ಸುಮನಬಾಯಿ ಅಡ್ಡ ಕೈ ಚಾಚಿದಳು.

"ಈಗ ಮಂದಿ ಮುಂದ ಏನಂದ್ರಿ, ಇನ್ನೊಮ್ಮೆ ಅನ್ರಿ."

"ರತ್ನಮಾಲಾ ನನ್ನ ಶಿಷ್ಯೆ ಅಂದೆ, ತಾಯಿ."

"ನಿಮ್ಮ ಶಿಷ್ಯೆ ಆಗಿದ್ರ ನನ್ನ ಮಗಳ ಹೆಸರಿನ ಮುಂದ ಡಾಕ್ಟರ್ ಯಾಕ ಇಲ್ಲ?"

ಬಸವಕಲ್ಯಾಣದ ಆ ಓಣಿಯಲ್ಲಿ ಬಿಳಿ ಬಟ್ಟೆಯುಟ್ಟು ನೆರೆದಿದ್ದವರ ಕಣ್ಣೆಲ್ಲ ಸರ್ ಕಡೆಗೆ ತಿರುಗಿತು. ಮಗ ಮಚ್ಚೇಂದ್ರ ಧಾವಿಸಿ ಬಂದ.

"ಅವ್ವ, ಸುಮ್ನಿರು. ಅಕ್ಕನ್ನ ಮುಂದಿಟ್ಟುಕೊಂಡು ಜಗಳ ಬ್ಯಾಡ."

"ಆಕಿ ಸುಮ್ನ ಕೂತಿದ್ದಳೇನು, ನಾ ಕೂಡಲಿಕ್ಕೆ?"

*

ಇಪ್ಪತ್ತು ವರ್ಷಗಳ ಹಿಂದೆ ರತ್ನಮಾಲಾ ಸಂಶೋಧನೆಗೆ ಆರಿಸಿಕೊಂಡದ್ದು ಒತ್ತಿದರೆ ಕುಗ್ಗುವ ಅನಿಲಗಳ ಹರಿವಿನ ಸಮೀಕರಣಗಳನ್ನು. ಕೊಳವೆಯಲ್ಲಿ ಅನಿಲ ನುಗ್ಗುವಾಗ ಎಲ್ಲೋ ಒಂದೆಡೆ ಒತ್ತಡ ಥಟ್ಟನೆ ಜಿಗಿಯುತ್ತದೆ. ಅಲ್ಲಿ ಸಮೀಕರಣಕ್ಕೆ ಮಾಮೂಲಿ ಅರ್ಥ ಉಳಿಯುವುದಿಲ್ಲ. ಒಂದೊಂದು ಬಿಂದುವಿನ ಲೆಕ್ಕ ಕೇಳುವುದನ್ನು ಬಿಟ್ಟು ಸಣ್ಣ ಸಣ್ಣ ಭಾಗಗಳ ಸರಾಸರಿ ಕೇಳಿದರೆ ಪರಿಹಾರಕ್ಕೆ ಇನ್ನೊಂದು, ವಿಶಾಲವಾದ ಅರ್ಥ ಬರುತ್ತದೆ. ಅಂಥ ಪರಿಹಾರ ಇದೆಯೇ? ಇದೆ ಎಂದು ಅವಳ ಮಾರ್ಗದರ್ಶಕ ವೈಜನಾಥ ಸರ್ ಪ್ರಕಟಿಸಿದ್ದ ರುಜುವಾತಿನಲ್ಲಿ ಅವಳು ತಪ್ಪು ಹಿಡಿದಳು. ಹರಿವಿನ ನಡುವೆ ಅನಿಲವೇ ಇಲ್ಲದ ಬರಿದು ಜಾಗ ಹುಟ್ಟಿದರೆ ಅವರ ವಾದ ನಿಲ್ಲುತ್ತಿರಲಿಲ್ಲ.

"ಅದನ್ನ ಬಿಟ್ಟು ಮುಂದ ಹೋಗು," ಅಂದರು ಸರ್.

"ತಪ್ಪಿನ ಮ್ಯಾಲೆ ಹ್ಯಾಂಗ ಮುಂದ ಹೋಗ್ಲಿ ಸರ್?"

"ಹಂಗಾದ್ರ ಡಾಕ್ಟರೇಟಿಗೆ ನನ್ನ ಸಹಿ ಸಿಗಂಗಿಲ್ಲ."

ಸಹಿ ಇಲ್ಲದೆಯೇ ಹೊರಬಂದಳು. ಹುಮನಾಬಾದಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ, ದಿನಾ ಬಸ್ಸಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದಳು. "ಏನು ಹುಡುಕಾಕತ್ತಿ?" ಎಂದು ನೆಂಟರು ಕೇಳಿದರೆ, "ಹುಡುಕಾಕತ್ತಿಲ್ಲ. ಅದ ಅಂತ ತೋರಿಸಾಕತ್ತೇನಿ," ಅನ್ನುತ್ತಿದ್ದಳು. ಹೋದ ವರ್ಷ ತೋರಿಸಿದಳು, ಬರಿದು ಜಾಗ ಹುಟ್ಟಿದರೂ ಪರಿಹಾರ ಇದೆ ಎಂದು. ಗಣಿತದ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ನಿನ್ನೆ ಪಾಠ ಮಾಡುತ್ತಲೇ ಎದೆ ಹಿಡಿದುಕೊಂಡು ಕುಸಿದಳು.

*

ರತ್ನಮಾಲಾಳ ಬಳಿ ಕಲಿತು ಈಗ ತಾನೂ ಗಣಿತ ಕಲಿಸುವ ಗೌಹರ ಮುಂದೆ ಬಂದಳು.

"ಸರ್, ಮೇಡಂ ಬರೆದದ್ದು ಓದೀರೇನ್ರಿ?"

"ಮೂರು ಸಲ ಓದೇನಿ."

"ಮತ್ತ?"

ಸರ್ ಕನ್ನಡಕ ತೆಗೆದರು. "ಸರಿ ಅದ. ತಪ್ಪು ನಂದು. ಆಕಿ ಅಂದಾಗೇ ನನಗ ಗೊತ್ತಾಗಿತ್ತು."

"ಜೋರಾಗಿ ಅನ್ರಿ," ಅಂದಳು ಸುಮನಬಾಯಿ. "ಶಿಷ್ಯೆ ಅಂದಾಗ ಜೋರಾಗೇ ಅಂದಿದ್ರಿ."

ಅವರು ಓಣಿಗೆಲ್ಲ ಕೇಳುವಂತೆ ಅಂದರು.

"ಈಗ ಹಾರ ಹಾಕ್ರಿ."

ಬುದ್ಧನಿಗೆ ಶರಣು ಹೇಳುವ ತ್ರಿಸರಣ ಮುಗಿದು ಚಟ್ಟ ಎತ್ತುವಾಗ ಸುಮನಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟಳು.

"ಅವ್ವ, ಹೆಣ್ಮಕ್ಕಳು ಹೊರಂಗಿಲ್ಲ," ಅಂದ ಮಚ್ಚೇಂದ್ರ.

"ಹೊತ್ತು ಹೆತ್ತಾಕಿ ನಾ. ಸರಿ ಅತ್ಲಾಗ."

ಮುಂದಿನ ಇನ್ನೊಂದು ಬದಿಗೆ ಗೌಹರ ನಿಂತಳು. ಸುಮನಬಾಯಿ ಗಿಡ್ಡ; ಚಟ್ಟ ಅವಳ ಕಡೆಗೆ ವಾಲಿತು. ಹಿಂದೆ ಹೆಗಲು ಕೊಟ್ಟಿದ್ದ ಮಚ್ಚೇಂದ್ರ ಮೊದಲು ಮೊಣಕಾಲು ಬಗ್ಗಿಸಿದ. ಆಮೇಲೆ ಅವನ ಪಕ್ಕದವನು, ಮುಂದೆ ಗೌಹರ. ಚಟ್ಟ ಸಮವಾಯಿತು. ಹಾಗೆ ಅರ್ಧ ಕೂತಂತೆಯೇ, ಮುದುಕಿಯ ಎತ್ತರಕ್ಕೆ ಇಳಿದು, ಅವರು ನಡುಬಿಸಿಲಿನ ಓಣಿಯಲ್ಲಿ ನಡೆದರು.