ನಲವತ್ತೆರಡು ಅಂಗುಲ

ಮೋಟಾರಿನ ಎಣ್ಣೆ ವಾಸನೆ ಇನ್ನೂ ಮೂಗಿನಲ್ಲೇ ಇದೆ, ಮಂಜೂರು ಬಿಟ್ಟು ಅರ್ಧ ಮೈಲಿ ಏರಿದರೂ ಹೋಗಿಲ್ಲ, ಕರ್ಪೂರದ ವಾಸನೆಯ ನೀಲಗಿರಿ ಮರಗಳ ಗಾಳಿ ಇಷ್ಟು ಬೀಸಿದರೂ ಹೋಗಿಲ್ಲ, ಸೆರಗಿಗೇ ಹತ್ತಿಕೊಂಡಿತೋ ಏನೋ, ಇರಲಿ ಬಿಡು, ಅದರಲ್ಲಿ ನಂಜಿ ಹೋದ ಗುರುತು ಅಂತ ಅಷ್ಟಾದರೂ ಇರಲಿ — ಮುಂದೆ ಹೆತ್ತೆ ನಡೆಯುತ್ತಿದ್ದಾರೆ, ನಂಜಿಯ ಅಜ್ಜಿ, ಹಟ್ಟಿಯ ಮಕ್ಕಳಿಗೆಲ್ಲ ಹೆತ್ತೆ, ಹನ್ನೆರಡು ವರ್ಷದಿಂದ ನನಗೂ ಹೆತ್ತೆ, ಬಿಳಿ ಬಟ್ಟೆ ಸುತ್ತಿದ ಆ ಬಾಗಿದ ಬೆನ್ನು ಬಿಟ್ಟು ಬೇರೆ ಏನೂ ನನಗೆ ಕಾಣುತ್ತಿಲ್ಲ, ಮಂಜೂರಿನಿಂದ ಒಂದು ಮಾತಾಡಿಲ್ಲ ಅವರು, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಂಜಿಯ ತಾಯಿ ಮಾದಿ ಅಲ್ಲಿಂದಲೇ ಎಸ್ಟೇಟಿಗೆ ಓಡಿದಳು, ಅರ್ಧ ದಿನವಾದರೂ ಎಲೆ ಕೀಳಬೇಕಂತೆ, ಅತ್ತುಕೊಂಡೇ ಓಡಿದಳು, ಅತ್ತರೂ ಮುಖದಲ್ಲಿ ಗೆಲುವಿತ್ತು, ಎಂಗ ಹಟ್ಟಿಲಿ ಒಬ್ಬ ಹೆಣ್ಣೂ ಹೊರಗೆ ಹೋಗಿ ಓದಿಲ್ಲೆ, ನಂಜಿ ಓದಲಿ ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದಳಲ್ಲ, ಆಯಿತಲ್ಲ, ನಾನು ಬೇಡಿದ್ದೇ ಆಯಿತಲ್ಲ, ನಂಜಿ ಊಟಿಗೆ ಹೋದಳು, ಹಾಸಿಗೆ ಹಾಲು ಪುಸ್ತಕ ಎಲ್ಲ ಇರುವ ಶಾಲೆಗೆ, ಎಂಟು ವರ್ಷಕ್ಕೇ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ತಾಯಿಯ ಹಿಂದೆ ಎಲೆ ಕೀಳುವ ಹಣೆಬರಹ ತಪ್ಪಿತು, ಹಾಗಾದರೆ ಯಾಕೆ ಪುಟ್ಟಲಿಂಗೀ, ಯಾಕೆ ಕಾಲು ಹೀಗೆ ಎಳೆಯುತ್ತೀಯ, ಕಂಡವರ ಮಗಳಿಗೆ ನೀನು ಯಾಕೆ ಇಷ್ಟು ಸಾಯುತ್ತೀಯ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಗುಂಡ್ಲುಪೇಟೆಯಿಂದ ಅಣ್ಣ ರಾಚಯ್ಯನ ರಾಗಿ ಗಾಡಿಯ ಹಿಂದೆ ಈ ಬೆಟ್ಟ ಹತ್ತಿದಾಗ ನನಗೆ ಇಪ್ಪತ್ತಾರು, ಗಂಡನೂ ಇಲ್ಲ ಮಗುವೂ ಇಲ್ಲ, ಮೈಸೂರಿನಲ್ಲಿ ಕಲಿತ ನಾಲ್ಕಕ್ಷರ ಇತ್ತು, ಹಟ್ಟಿಯವರು ಹುಲ್ಲು ಹೊದಿಸಿ ಒಂದು ಶಾಲೆ ಮಾಡಿಕೊಟ್ಟರು, ಮೇಷ್ಟ್ರಮ್ಮ ಎಂದರು, ಅಷ್ಟೇ ನನ್ನ ಸಂಸಾರ. ಆಮೇಲೆ ನಂಜಿ ಹುಟ್ಟಿದಳು, ತಾಯಿ ಎಸ್ಟೇಟಿಗೆ, ಹೆತ್ತೆ ಸಾಮೆ ಹೊಲಕ್ಕೆ, ಮಗು ನನ್ನ ಶಾಲೆಯ ಮೂಲೆಯಲ್ಲಿ ಕಂಬಳಿಯ ಮೇಲೆ, ಮೊದಲ ಹೆಜ್ಜೆ ಇಟ್ಟದ್ದೇ ನನ್ನ ಕರಿಹಲಗೆಯ ಕಾಲು ಹಿಡಿದುಕೊಂಡು.

ಹತ್ತು ದಿನದ ಹಿಂದೆ ಹಟ್ಟಿಗೆ ಬಂದ ಆ ಡಾಕ್ಟರಮ್ಮ ಒಳ್ಳೆಯವರೇ, ಸುಳ್ಳು ಹೇಳಬಾರದು, ಮದರಾಸಿನಿಂದ ಇಷ್ಟು ದೂರ ಬಂದು ಹಟ್ಟಿ ಹಟ್ಟಿ ಸುತ್ತಿ ಮಕ್ಕಳನ್ನು ಅಳೆದು ತೂಗಿ ಬರೆದುಕೊಳ್ಳುವುದು ಯಾರಿಗೆ ಬೇಕಾಗಿದೆ, ಹಸಿದ ಮಗುವಿನ ಮೈಯಷ್ಟೇ ಅಲ್ಲ ಬುದ್ಧಿಯೂ ಬಡವಾಗುತ್ತದೆ, ಆರು ವರ್ಷದೊಳಗೆ ಕಳೆದುಕೊಂಡದ್ದು ಆಮೇಲೆ ಸಿಗುವುದಿಲ್ಲ, ಇದನ್ನು ಲೆಕ್ಕ ಸಮೇತ ತೋರಿಸಿದರೆ ಸರ್ಕಾರ ಹಾಲು ಕೊಡುತ್ತದೆ ಶಾಲೆ ಕೊಡುತ್ತದೆ ಎಂದರು, ನನಗೆ ಅವರ ಕಾಲಿಗೆ ಬೀಳಬೇಕು ಅನಿಸಿತು, ಅನಿಸಿದ್ದು ಚಿತ್ರ ತೋರಿಸುವವರೆಗೆ. ಒಂದು ಬಟ್ಟಲಿನ ಚಿತ್ರ, ದೊರೆಗಳು ಟೀ ಕುಡಿಯುವಂಥದು, ಇದರಲ್ಲಿ ಏನು ಇಲ್ಲ ಹೇಳು ಎಂದು ಕೇಳಿದರು, ನಂಜಿ ಬಗ್ಗಿ ನೋಡಿದಳು, ಎಲ್ಲಾ ಇದ್ದರ ಎಂದಳು, ಎಲ್ಲ ಇದೆಯಲ್ಲ ಎಂದು, ಹಿಡಿ ಇಲ್ಲವಲ್ಲ, ಹಿಡಿ ಇಲ್ಲ ಅಂತ ಹೇಳಬೇಕಿತ್ತಂತೆ, ಅಯ್ಯೋ ತಾಯಿ, ಅವಳು ಹುಟ್ಟಿದಾಗಿನಿಂದ ಕುಡಿದದ್ದು ಹಿತ್ತಾಳೆ ಲೋಟದಲ್ಲಿ, ಅದಕ್ಕೆ ಹಿಡಿ ಎಲ್ಲಿಂದ ಬರಬೇಕು, ಅವರು ಮಾತ್ರ ಒಂದು ಸೊನ್ನೆ ಬರೆದರು. ಅದೇ ನಂಜಿ ಇಪ್ಪತ್ತು ಎಮ್ಮೆ ಒಟ್ಟಿಗೆ ಬಂದರೆ ಯಾವುದು ಯಾರ ಮನೆಯದು ಹೇಳುತ್ತಾಳೆ, ಅದಕ್ಕೆ ಚಿತ್ರ ಇರಲಿಲ್ಲ. ಊಟಿಯ ಶಾಲೆಯಲ್ಲಿ ಹತ್ತು ಹೆಣ್ಣುಮಕ್ಕಳಿಗೆ ಜಾಗ, ಸೊನ್ನೆ ಬಂದರೂ ತೊಂದರೆಯಿಲ್ಲ, ಆದರೆ ಆರು ವರ್ಷ ತುಂಬಿರಬೇಕು ಎಂದರು, ಹೆತ್ತೆ ಕೂಡಲೇ ಹೇಳಿದರು, ಬೆಟ್ಟವೆಲ್ಲ ಕುರಿಂಜಿ ಹೂ ಬಿಟ್ಟ ವರ್ಷ ಹುಟ್ಟಿದವಳು ಎಂದು, ಅದು ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಹೂ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ, ಹೋದ ಸಲ ಬಿಟ್ಟದ್ದು ಹತ್ತೊಂಬತ್ತುನೂರ ಇಪ್ಪತ್ತೆರಡರಲ್ಲಿ, ಈಗ ಇಪ್ಪತ್ತೆಂಟು ಮುಗಿಯುತ್ತ ಬಂತು, ಡಾಕ್ಟರಮ್ಮ ನಕ್ಕು ಹೂವನ್ನು ರಿಜಿಸ್ಟರಿನಲ್ಲಿ ಬರೆಯಲಾಗುವುದಿಲ್ಲ ಎಂದರು, ಎತ್ತರ ನೋಡೋಣ, ನಲವತ್ತೆರಡು ಅಂಗುಲ ಇದ್ದರೆ ಆರು ಎಂದು ಒಪ್ಪುತ್ತೇನೆ ಎಂದರು. ಕಂಬಕ್ಕೆ ನಿಲ್ಲಿಸಿ ಮೇಲಿನಿಂದ ಅಡ್ಡಹಲಗೆ ಇಳಿಸುವ ಕೆಲಸ ನನ್ನದು, ನನ್ನ ಈ ಕೈಯದು, ನಲವತ್ತು ಮಕ್ಕಳಿಗೆ ಇಳಿಸಿದೆ, ನಂಜಿಗೂ ಇಳಿಸಿದೆ, ಓದಿದೆ, ನಲವತ್ತೂವರೆ. ಮುಂದಿನ ವರ್ಷ ನೋಡೋಣ ಎಂದರು, ಮುಂದಿನ ವರ್ಷವಂತೆ, ಮಾದಿಯ ಹೊಟ್ಟೆಯಲ್ಲಿ ಇನ್ನೊಂದು ಕೂತಿದೆ, ಮುಂದಿನ ವರ್ಷ ಅದನ್ನು ಸೊಂಟಕ್ಕೆ ಹಾಕಿಕೊಂಡು ನಂಜಿ ಹಟ್ಟಿಯಲ್ಲೇ ಇರುತ್ತಾಳೆ, ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಎರಡು ದಿನ ಕಳೆದ ಮೇಲೆ, ಬೆಳಿಗ್ಗೆ, ಹೆತ್ತೆಯ ಮನೆ ಅಂಗಳದಲ್ಲಿ ಹುರುಳಿ ಆರಿಸುತ್ತ ಕೂತಿದ್ದೆ, ಮಾದಿಯ ಸೋದರಮಾವ ಭೋಜನ್ ಪಕ್ಕದ ಹಟ್ಟಿಯಿಂದ ಬಂದರು, ನಂಜಿ ಆಟ ಬಿಟ್ಟು ಓಡಿಹೋಗಿ ಅವರ ಮುಂದೆ ನಿಂತಳು, ಅವರು ಕೈ ಎತ್ತಿದರು, ಇನ್ನೂ ಕೈ ತಲೆಗೆ ತಾಕಿರಲಿಲ್ಲ, ಅವಳ ಕುತ್ತಿಗೆ ತಾನಾಗಿ ಬಗ್ಗಿತು, ಬದುಕಿ ಬಾಳು, ಒಂದು ಸಾವಿರವಾಗಲಿ ಎಂದು ಅವರು ಹರಸುತ್ತಲೇ ಇದ್ದರು, ನನ್ನ ಮಡಿಲಿನ ಹುರುಳಿಯೆಲ್ಲ ನೆಲಕ್ಕೆ ಚೆಲ್ಲಿತು. ಥೂ ನನ್ನ ಕಣ್ಣಿಗಿಷ್ಟು ಮಣ್ಣು ಬೀಳ, ಹನ್ನೆರಡು ವರ್ಷ ದಿನಾ ನೋಡಿದ್ದೇನೆ, ಹಿರಿಯರ ಕೈ ಮೇಲೆ ಬಂದರೆ ಈ ಊರಿನ ಮಗು ತಲೆ ತಗ್ಗಿಸುತ್ತದೆ, ತಗ್ಗಿಸದಿದ್ದರೆ ಹಿರಿಯರು ಹರಸಿದ ಹರಕೆ ಹತ್ತುವುದಿಲ್ಲ ಎನ್ನುತ್ತಾರೆ, ನಡೆಯಲು ಬರುವ ಮೊದಲೇ ಕಲಿಸುತ್ತಾರೆ, ದಿನಾ ಕಂಡದ್ದಕ್ಕೇ ಅಳೆಯುವ ದಿನ ಕಾಣಲಿಲ್ಲ, ನನ್ನ ಕಣ್ಣು ಗೀಟಿನ ಮೇಲಿತ್ತು, ಹಲಗೆಯನ್ನು ಮಕ್ಕಳು ಹಲಗೆ ಎಂದುಕೊಳ್ಳಲಿಲ್ಲ, ಮೇಷ್ಟ್ರಮ್ಮನ ಕೈ ಬಂತು ಎಂದುಕೊಂಡರು, ನಲವತ್ತೂ ಮಕ್ಕಳು ಬಗ್ಗಿದರು. ಉಸಿರು ಕಟ್ಟಿ ಡಾಕ್ಟರಮ್ಮ ಇಳಿದುಕೊಂಡಿದ್ದ ಬಂಗಲೆಗೆ ಓಡಿದೆ, ಅವರು ಕೇಳಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು, ಈ ಹಟ್ಟಿಯ ಲೆಕ್ಕ ನಿನ್ನೆಯ ಅಂಚೆಗೆ ಮದರಾಸಿಗೆ ಹೋಯಿತು, ಅದನ್ನು ಇನ್ನು ಮುಟ್ಟುವ ಹಾಗಿಲ್ಲ ಎಂದರು, ಹಾಗಾದರೆ ಈ ಬೆಟ್ಟದ ಮಕ್ಕಳು ಇದ್ದದ್ದಕ್ಕಿಂತ ಗಿಡ್ಡ ಎಂದು ಪುಸ್ತಕದಲ್ಲಿ ಬಂದುಬಿಡುತ್ತದೆ, ಓದಿದವರು ಅಯ್ಯೋ ಪಾಪ ಎನ್ನುತ್ತಾರೆ, ಅವು ಹಿರಿಯರಿಗೆ ಬಗ್ಗಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಒಂದು ಮಗುವನ್ನು ಬೇಕಾದರೆ ಎಂಟು ದಿನ ಬಿಟ್ಟು ಮಂಜೂರಿಗೆ ಕರೆದುಕೊಂಡು ಬನ್ನಿ, ನಾನೇ ಅಳೆಯುತ್ತೇನೆ, ಸರಿಯಿದ್ದರೆ ಅಲ್ಲಿಂದಲೇ ಮೋಟಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು, ನಾನು ಒಂದು ಮಗುವಿನ ಹೆಸರು ಹೇಳಿದೆ, ಉಳಿದ ಮೂವತ್ತೊಂಬತ್ತು ಹೆಸರು ನನ್ನ ನಾಲಗೆಗೆ ಬರಲಿಲ್ಲ, ಶಿವನೇ, ಬರಲೇ ಇಲ್ಲ.

ಆ ಎಂಟು ದಿನ, ಆ ಎಂಟು ದಿನ ಇನ್ನೊಮ್ಮೆ ಬರಬಾರದೇ, ಶಾಲೆಯ ಗೋಡೆಗೆ ಮಸಿಯಲ್ಲಿ ಗೀಟು ಎಳೆದು ಅವಳನ್ನು ನಿಲ್ಲಿಸುತ್ತಿದ್ದೆ, ಹಿಮ್ಮಡಿ ಗೋಡೆಗೆ ತಾಗಿಸು, ಗದ್ದ ಎತ್ತು, ಎದುರಿಗೆ ನೋಡು, ನನ್ನ ಕೈ ಮೇಲಿನಿಂದ ಇಳಿಯುತ್ತಿತ್ತು, ಅವಳ ತಲೆ ಬಗ್ಗುತ್ತಿತ್ತು, ಮತ್ತೆ ಎತ್ತು, ಮತ್ತೆ ಇಳಿಸು, ಮತ್ತೆ ಬಗ್ಗುತ್ತಿತ್ತು, ನಂಜೀ ಇದು ಹರಕೆ ಅಲ್ಲ ಕಂದ, ಬರೀ ಅಳತೆ, ಅವಳು ಕೇಳಿದಳು, ಕೈ ಒಂದೇ ಅಲ್ಲವಾ ಮೇಷ್ಟ್ರಮ್ಮ ಎಂದು, ನನ್ನ ಹತ್ತಿರ ಬೆಲ್ಲದ ಚೂರು ಇತ್ತು, ಬಗ್ಗದೆ ನಿಂತರೆ ಬೆಲ್ಲ, ಬಗ್ಗಿದರೆ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದಿನಾ ಮಕ್ಕಳಿಗೆ ಹೇಳುವ ಬಾಯಿ ಇದು, ಇದೇ ಬಾಯಲ್ಲಿ ಯಾರ ಕೈ ಬಂದರೂ ಬಗ್ಗಬೇಡ, ಯಾರ ಕೈ ಬಂದರೂ ಎಂದೆ, ಯಾರ ಕೈ ಬಂದರೂ ಎಂದು ನಾನೇ ಹೇಳಿದೆ. ದಿನಕ್ಕೆ ನೂರು ಸಲ ಆ ತಲೆ ಮುಟ್ಟಿದೆ, ಹೊಗೆ ಮತ್ತು ಬೆಣ್ಣೆ ವಾಸನೆಯ ಕೂದಲು, ನನ್ನ ಹೊಟ್ಟೆಯಲ್ಲಿ ಒಂದು ಹುಟ್ಟಿದ್ದರೂ ಅಷ್ಟು ಮುಟ್ಟುತ್ತಿರಲಿಲ್ಲವೇನೋ, ನೂರರಲ್ಲಿ ಒಂದು ಸಲವಾದರೂ ಬಾಳು ಮಗಳೇ ಎಂದೆನೇ, ಇಲ್ಲ, ಗೀಟು ನೋಡಿದೆ, ಐದನೆಯ ದಿನ ಅವಳು ಅರೆಬರೆ ನಿಂತಳು, ಏಳನೆಯ ದಿನ ಕೈ ಇಳಿದರೂ ರೆಪ್ಪೆ ಮಿಟುಕಿಸಲಿಲ್ಲ, ನಾನು ಕುಣಿದುಬಿಟ್ಟೆ.

ಇವತ್ತು ಮಂಜೂರಿನ ಛತ್ರದ ಜಗಲಿಯಲ್ಲಿ ಡಾಕ್ಟರಮ್ಮ ಹಲಗೆ ಇಳಿಸಿದರು, ನಲವತ್ತೆರಡೂಕಾಲು ಎಂದು ಜೋರಾಗಿ ಓದಿದರು, ಮಾದಿ ನೆಲಕ್ಕೆ ಕೂತೇಬಿಟ್ಟಳು, ಡ್ರೈವರು ಹೊತ್ತಾಯಿತು ಎಂದು ಹಾರನ್ ಒತ್ತಿದ, ನಂಜಿ ಮೋಟಾರಿನ ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ನಿಂತಳು, ಆಗ ಹೆತ್ತೆ ಗುಂಪಿನಿಂದ ಮುಂದೆ ಬಂದರು, ತಲೆಯ ಬಟ್ಟೆ ಸರಿಮಾಡಿಕೊಂಡು, ಬಾಯೊಳಗೆ ಆಗಲೇ ಹರಕೆ ಶುರುವಾಗಿತ್ತು, ಕೈ ಎತ್ತಿದರು, ಮತ್ತೆ ನಂಜಿ ಹಿಮ್ಮಡಿ ಕೂಡಿಸಿದಳು, ಗದ್ದ ಎತ್ತಿದಳು, ಎದುರಿಗೆ ನೋಡಿದಳು, ಬೇಡ ನಂಜಿ, ಈಗ ಬಗ್ಗು ಎಂದು ಕೂಗಬೇಕು ಎಂದುಕೊಂಡೆ, ಅಷ್ಟರಲ್ಲಿ ಸರಿಯಾಗಿ ನಿಂತಿದ್ದೀನಲ್ಲವಾ ಎನ್ನುವ ಹಾಗೆ ಅವಳು ನನ್ನನ್ನೇ ನೋಡಿ ನಕ್ಕಳು, ಮೋಟಾರು ಹೊರಟಿತು. ಈಗ, ಈ ಏರುದಾರಿಯಲ್ಲಿ, ಹೆತ್ತೆ ತಿರುವಿನಲ್ಲಿ ನಿಂತಿದ್ದಾರೆ, ನನಗಾಗಿಯೇ ಕಾಯುತ್ತಿದ್ದಾರೆ, ಮುಖದಲ್ಲಿ ಸಿಟ್ಟಿಲ್ಲ, ನೀ ಚೆಂದ ಕಲಿಸಿದೆ ಅಮ್ಮೆ ಎನ್ನುತ್ತಾರೆ, ಅಷ್ಟೇ, ಮತ್ತೆ ನಡೆಯುತ್ತಾರೆ, ನಾನು ಏನು ಹೇಳಲಿ, ಸಂಕ್ರಾಂತಿ ರಜಕ್ಕೆ ಬರುತ್ತಾಳೆ ಹೆತ್ತೆ ಎನ್ನಲೇ, ಆಗ ಬಗ್ಗುತ್ತಾಳೆ ಎನ್ನಲೇ, ಅವಳು ಮೆಟ್ಟಿಲ ಮೇಲೆ, ಹೆತ್ತೆ ಕೆಳಗೆ, ಒಂದಿಷ್ಟು ಬಗ್ಗಿದ್ದರೆ ಎಟುಕುತ್ತಿತ್ತು, ಮೋಟಾರು ಹೋದ ಮೇಲೂ ಅವರು ಇಳಿಸಲಿಲ್ಲ, ಆ ಕೈ, ಐದು ಬೆರಳೂ ಬಿಡಿಸಿಕೊಂಡು, ಬರೀ ಗಾಳಿಯಲ್ಲಿ, ಅವಳ ತಲೆ ಇದ್ದಲ್ಲಿಗೆ ಒಂದು ಗೇಣು ಕೆಳಗೆ, ಆ ಕೈ —